ಸಾವಿನ ಲೆಕ್ಕಕ್ಕೆ ಸಿಗದ ವಿಷ

ಸೀಸ, ಕ್ಯಾಡ್ಮಿಯಂನಂತಹ ಭಾರಲೋಹಗಳು ಕೀಟಗಳಿಗೆ ಎಷ್ಟು ಅಪಾಯಕಾರಿ ಎಂದು ತಿಳಿಯಲು ನಾವು ಹೆಚ್ಚಾಗಿ ಎಣಿಸುವುದು ಸತ್ತ ಕೀಟಗಳನ್ನು. ಕ್ಯಾಡ್ಮಿಯಂ ಬೆರೆತ ನೀರಿನಲ್ಲಿ 48 ಅಥವಾ 96 ಗಂಟೆಗಳೊಳಗೆ ಅರ್ಧದಷ್ಟು ಮರಿಹುಳುಗಳು ಸಾಯಲು ಎಷ್ಟು ಲೋಹ ಬೇಕು ಎಂಬುದು ಪರೀಕ್ಷೆಯ ಪ್ರಶ್ನೆ. ಬದುಕುಳಿದ ಅರ್ಧ ಮುಂದೆ ಹೇಗೆ ನಡೆದುಕೊಂಡಿತು, ಅದರ ಸಂತಾನ ಹೇಗಿತ್ತು ಎಂದು ಕೇಳುವವರು ಕಡಿಮೆ. ನನ್ನ ತಕರಾರು ಇರುವುದು ಇಲ್ಲಿಯೇ.

ಸೀಸದ ಅಯಾನು ಜೀವಕೋಶದ ಕಣ್ಣಿಗೆ ಕ್ಯಾಲ್ಸಿಯಂನಂತೆಯೇ ಕಾಣುತ್ತದೆ. ನರತುದಿಗಳು ಸಂದೇಶ ದಾಟಿಸುವುದು ಕ್ಯಾಲ್ಸಿಯಂನ ಸೂಚನೆಯ ಮೇಲೆಯೇ ಆದ್ದರಿಂದ, ಸಾಯಿಸಲು ಸಾಲದಷ್ಟು ಸೀಸವೂ ನಡವಳಿಕೆಯನ್ನು ಕದಡಬಲ್ಲದು. ಅಲ್ಪ ಪ್ರಮಾಣದ ಸೀಸವನ್ನು ಬಹುದಿನ ಸೇವಿಸಿದ ಜೇನುನೊಣಗಳು ಒಮ್ಮೆ ಕಲಿತದ್ದನ್ನು ಬದಲಿಸಿ ಹೊಸದಾಗಿ ಕಲಿಯುವುದರಲ್ಲಿ ಹಿಂದೆ ಬಿದ್ದದ್ದು ಪ್ರಯೋಗಗಳಲ್ಲಿ ಕಂಡಿದೆ. ಇಂದು ಬತ್ತಿದ ಹೂವನ್ನು ಬಿಟ್ಟು ಬೇರೆ ಹೂವನ್ನು ಹುಡುಕಬೇಕಾದ ಜೀವಿಗೆ ಇದು ಸಣ್ಣ ನಷ್ಟವಲ್ಲ.

ತಲೆಮಾರುಗಳ ವಿಷಯಕ್ಕೆ ಬಂದಾಗ ಮಾತ್ರ ಬಹಳ ಎಚ್ಚರ ಬೇಕು, ಏಕೆಂದರೆ ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ‘ತಲೆಮಾರು ದಾಟುವ ಪರಿಣಾಮ’ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದೇವೆ. ತಾಯಿ ಲೋಹವನ್ನು ತಿನ್ನುವಾಗ ಮೊಟ್ಟೆ ಆಕೆಯ ಒಡಲಲ್ಲೇ ಇದ್ದರೆ ಮರಿಯೂ ನೇರವಾಗಿ ವಿಷವುಂಡಂತೆ. ಅದನ್ನು ಆನುವಂಶಿಕ ಪರಿಣಾಮವೆನ್ನಲಾಗದು. ಎರಡನೆಯದು, ವಂಶವಾಹಿಯ ಅಕ್ಷರಗಳು ಬದಲಾಗದೆ ಅದನ್ನು ಓದುವ ರೀತಿ ಮಾತ್ರ ಬದಲಾಗಿ ಆ ಬದಲಾವಣೆ ಮಕ್ಕಳಿಗೆ ದಾಟುವುದು. ಇದನ್ನು ಸಾಧಿಸಿ ತೋರಿಸಬೇಕಾದರೆ ಸಂತತಿಯನ್ನು ಶುದ್ಧ ಆಹಾರದ ಮೇಲೆ ಹಲವು ತಲೆಮಾರು ಸಾಕಿದ ಮೇಲೂ ವ್ಯತ್ಯಾಸ ಉಳಿಯಬೇಕು. ಮೂರನೆಯದು ಆಯ್ಕೆ: ತಾಳಿಕೊಳ್ಳಬಲ್ಲವು ಮಾತ್ರ ಉಳಿದು ಮರಿಮಾಡುವುದು. ಲೋಹವನ್ನು ಹಿಡಿದಿಡುವ ಮೆಟಲೊಥಿಯೊನಿನ್ ಎಂಬ ಪ್ರೋಟೀನಿನ ವಂಶವಾಹಿಯ ಹೆಚ್ಚುವರಿ ಪ್ರತಿ ಹೊತ್ತ ಹಣ್ಣುನೊಣಗಳು ನಿಸರ್ಗದಲ್ಲಿಯೇ ಸಿಕ್ಕಿವೆ.

ಇದನ್ನು ಕೀಟಗಳ ಗೆಲುವೆಂದು ಹೇಳುವವರನ್ನು ನಾನು ಒಪ್ಪುವುದಿಲ್ಲ. ಯುರೋಪಿನ ಡೊಮೆಲ್ ನದಿಯ ಕಲುಷಿತ ಭಾಗದಲ್ಲಿ ಬೆಳೆದ, ಸೊಳ್ಳೆಯನ್ನು ಹೋಲುವ ಆದರೆ ಕಚ್ಚದ ಕೈರೊನಾಮಸ್ ಕೀಟಗಳು ಕ್ಯಾಡ್ಮಿಯಂ ತಾಳಿಕೊಳ್ಳುವ ಶಕ್ತಿ ಪಡೆದವು, ಆದರೆ ಶುದ್ಧ ನೀರಿನಲ್ಲಿ ಅವುಗಳ ಮರಿಹುಳುಗಳ ಬೆಳವಣಿಗೆಯೇ ಕುಂಠಿತವಾಯಿತು. ತಾಳಿಕೆಗೆ ತೆತ್ತ ಬೆಲೆ ಅದು.

ಸೀಸದ ಪೆಟ್ರೋಲು 1923ರಲ್ಲಿ ಮಾರಾಟಕ್ಕೆ ಬಂದು 2021ರಲ್ಲಷ್ಟೇ ಜಗತ್ತಿನ ರಸ್ತೆಗಳಿಂದ ಪೂರ್ತಿ ಮರೆಯಾಯಿತು. ಬೆಚ್ಚನೆಯ ವಾತಾವರಣದಲ್ಲಿ ಹಣ್ಣುನೊಣದ ಒಂದು ತಲೆಮಾರಿಗೆ ಸುಮಾರು 10 ದಿನ ಸಾಕು, ಅಂದರೆ ಆ ಅವಧಿಯಲ್ಲಿ ಅದರ ನೂರಾರು ತಲೆಮಾರುಗಳು ಕಳೆದಿವೆ. ಮಣ್ಣಿಗೆ ಸೇರಿದ ಸೀಸವಾದರೋ ಕೊಳೆಯುವುದೇ ಇಲ್ಲ. ಕೈರೊನಾಮಸ್ ಕೀಟಗಳಿಗೆ ಎರಡು ತಲೆಮಾರಿನ ಪರೀಕ್ಷಾ ವಿಧಾನವೊಂದನ್ನು ಒಇಸಿಡಿ (ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿಗಾಗಿ ಇರುವ ದೇಶಗಳ ಒಕ್ಕೂಟ) 2010ರಲ್ಲಿ ರೂಪಿಸಿದೆ ಎಂಬುದು ನನಗೆ ನಿಜಕ್ಕೂ ಸಮಾಧಾನದ ಸಂಗತಿ. ಆದರೆ ಅದು ಎಣಿಸುವುದು ಎಷ್ಟು ಕೀಟಗಳು ಹೊರಬಂದವು, ಎಷ್ಟು ಮೊಟ್ಟೆಯಿಟ್ಟವು, ಗಂಡೆಷ್ಟು, ಹೆಣ್ಣೆಷ್ಟು ಎಂಬುದನ್ನು. ಅವು ಹೇಗೆ ಹಾರಿದವು, ಜೊತೆಗಾರರನ್ನು ಹೇಗೆ ಹುಡುಕಿಕೊಂಡವು ಎಂಬುದನ್ನೂ ಅದೇ ಪಟ್ಟಿಯಲ್ಲಿ ಬರೆದುಕೊಳ್ಳಬೇಕು, ಎರಡರ ಬದಲು ನಾಲ್ಕು ತಲೆಮಾರುಗಳವರೆಗೆ.