ಮನೆ ಮುಂದಿನ ಕಟ್ಟೆಯೂ ನಕ್ಷೆಯಲ್ಲಿ ಇರಲಿ

ನಾನು ಬಿ.ಆರ್ಕ್, ಅಂದರೆ ವಾಸ್ತುಶಿಲ್ಪ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಥೀಸಿಸ್‌ಗೆ ಆರಿಸಿಕೊಂಡಿರುವುದು ಮಲಪ್ರಭೆಯ ದಂಡೆಯಿಂದ ಎತ್ತಿ ಬೇರೆ ಕಡೆ ಇಟ್ಟ ಒಂದು ಪುನರ್ವಸತಿ ಊರು. ಮ್ಯೂಸಿಯಂ ಮಾಡಬಹುದಿತ್ತು, ಏರ್‌ಪೋರ್ಟ್ ಮಾಡಬಹುದಿತ್ತು, ಇದ್ಯಾಕೆ ಅಂತ ಸುಮಾರು ಜನ ಕೇಳಿದರು. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಇಲ್ಲೇ ಒಂದೇ ಸಲ ಬರೆಯುತ್ತೇನೆ. ಉದ್ದ ಆಗುತ್ತದೆ, ಸ್ವಲ್ಪ ತಾಳ್ಮೆಯಿಂದ ಓದಿ.

2009ರ ಸೆಪ್ಟೆಂಬರ್ ಕೊನೆಗೆ ಶುರುವಾದ ಮಳೆ ಉತ್ತರ ಕರ್ನಾಟಕದವರಿಗೆ ಮರೆಯುವಂಥದ್ದಲ್ಲ. ಮೇಲ್ಮುದ್ದೆಯ ಮಣ್ಣಿನ ಮನೆಗಳು ನೆನೆನೆನೆದು ಕುಸಿದವು. ಆಮೇಲೆ ಬಂದಿದ್ದು, ಮನೆ ಕಳೆದುಕೊಂಡವರಿಗಾಗಿ 'ಆಸರೆ' ಯೋಜನೆಯಲ್ಲಿ ಕಟ್ಟಿದ ಮನೆಗಳು. ಎತ್ತರದ ಜಾಗ, ಆರ್‌ಸಿಸಿ ಸ್ಲ್ಯಾಬ್, ಸಾಲಾಗಿ ಒಂದೇ ತರದ ಮನೆಗಳು. ದಾನಿಗಳು ಕೊಟ್ಟರು, ಸರ್ಕಾರ ಕೊಟ್ಟಿತು. ಆ ಉದ್ದೇಶದ ಬಗ್ಗೆ ನನಗೆ ಒಂದು ಮಾತೂ ಇಲ್ಲ. ಆದರೆ 2019ರಲ್ಲಿ ಮತ್ತೆ ಹೊಳೆ ಊರೊಳಗೆ ಬಂದಾಗ ಎಷ್ಟೋ ಕಡೆ ಜನ ಹಳೆ ಊರಲ್ಲೇ ಇದ್ದರು. ಹತ್ತಿರದಲ್ಲೇ ಆಸರೆ ಮನೆಗಳು ಖಾಲಿ ಬಿದ್ದು ಸುತ್ತ ಜಾಲಿ ಬೆಳೆದಿತ್ತು. "ಜನಕ್ಕೆ ಬುದ್ಧಿ ಇಲ್ಲ, ಕೊಟ್ಟಿದ್ದನ್ನೂ ಬಳಸಲ್ಲ" ಅನ್ನುವ ಮಾತು ಆಗ ಬಹಳ ಕೇಳಿಬಂತು.

ನನಗೆ ಸಿಟ್ಟು ಬರುವುದು ಈ ಮಾತಿಗೇ. ಜನಕ್ಕೆ ಬುದ್ಧಿ ಇದೆ. ನಾವು ಅದನ್ನು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಇಂಥ ಊರುಗಳಲ್ಲಿ ಉಳಿದುಕೊಂಡವರು ತಮ್ಮ ಮನೆಗೆ ಏನೇನು ಸೇರಿಸಿಕೊಂಡಿದ್ದಾರೆ ಅಂತ ಒಮ್ಮೆ ನಿಂತು ನೋಡಿ. ಮುಂದೆ ತಗಡಿನ ಚಪ್ಪರ, ಅದರ ಕೆಳಗೆ ಎಮ್ಮೆ. ಪಕ್ಕದಲ್ಲಿ ಕಣಿಕೆಯ ಬಣವೆ. ಹೊರಗೆ ಒಂದು ಒಲೆ. ಸೌದೆ ಹಚ್ಚಿ ಜೋಳದ ರೊಟ್ಟಿ ಬಡಿಯುವ ಮನೆಗೆ ಕಿಟಕಿಯಷ್ಟೇ ಸಾಲದು, ಹೊಗೆ ಹೋಗಲು ದಾರಿ ಬೇಕು. ಹಳೆ ಮನೆಯ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತಿತ್ತು, ಹೊಗೆ ಅಲ್ಲಿಂದ ಹೋಗುತ್ತಿತ್ತು, ಬೆಳಕು ಅಲ್ಲಿಂದ ಬರುತ್ತಿತ್ತು. ಸ್ಲ್ಯಾಬ್‌ನಲ್ಲಿ ಅದು ಇಲ್ಲ. ಹಾಗಾಗಿ ಅಡುಗೆಮನೆ ಅಂತ ನಕ್ಷೆಯಲ್ಲಿ ಬರೆದ ಜಾಗದಲ್ಲಿ ಜೋಳದ ಚೀಲ ಕೂತಿದೆ, ಅಡುಗೆ ಹೊರಗೆ ನಡೆಯುತ್ತಿದೆ. ಇನ್ನು ಪ್ರತಿ ಮನೆಯ ಬಾಗಿಲ ಪಕ್ಕ ಒಂದು ಕಟ್ಟೆ. ಕೆಲವರು ಸಿಮೆಂಟಿನಲ್ಲಿ ಕಟ್ಟಿಸಿದ್ದಾರೆ, ಕೆಲವರು ಎರಡು ಕಲ್ಲಿನ ಮೇಲೆ ಒಂದು ಫರಸಿ ಇಟ್ಟಿದ್ದಾರೆ. ಯಾವ ಎಸ್ಟಿಮೇಟಿನಲ್ಲೂ ಇಲ್ಲದ ಈ ಕಟ್ಟೆ ಎಲ್ಲ ಮನೆಗೂ ಬಂದಿದೆ.

ಒಬ್ಬ ಅಜ್ಜಿ ನನಗೆ ಹೇಳಿದ್ದು ಇದು: "ಮನಿ ಗಟ್ಟಿ ಐತಿ ತಂಗಿ, ಇಲ್ಲ ಅನ್ನಂಗಿಲ್ಲ. ಆದ್ರ ಸಂಜೀಕ ನಾ ಎಲ್ಲಿ ಕುಂಡ್ರಲಿ?"

ಈ ಪ್ರಶ್ನೆಗೆ ಚದರ ಅಡಿಯಲ್ಲಿ ಉತ್ತರ ಇಲ್ಲ. ಸಂಜೆ ಕೂರುವ ಜಾಗ ಅಂದರೆ ಬರೀ ಕೂರುವುದಲ್ಲವಲ್ಲ. ಸೊಸೆ ಹೊಲದಿಂದ ಬರುವವರೆಗೆ ಮೊಮ್ಮಗುವನ್ನು ನೋಡಿಕೊಳ್ಳುವುದು ಅಲ್ಲಿ, ಕಾಳು ಹಸನು ಮಾಡುವುದು ಅಲ್ಲಿ, ಯಾರ ಮನೆಯಲ್ಲಿ ಜ್ವರ ಅಂತ ತಿಳಿಯುವುದು ಅಲ್ಲಿ. ಹತ್ತಿರದವರು ಎದುರು ಮನೆಯಲ್ಲಿದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ. ಚೀಟಿ ಎತ್ತಿ ಮನೆ ಹಂಚಿಬಿಟ್ಟರೆ, ಮೂವತ್ತು ವರ್ಷದ ನೆರೆಹೊರೆ ಒಂದು ಮಧ್ಯಾಹ್ನದಲ್ಲಿ ಚದುರಿಹೋಗುತ್ತದೆ.

ಹಾಗಂತ ಹಳೆ ಊರನ್ನು ಹಾಗೇ ನಕಲು ಮಾಡಿ ಅಂತ ನಾನು ಹೇಳುವುದಿಲ್ಲ. ಹಳೆ ಊರಿನ ಕಟ್ಟೆಯಲ್ಲಿ ಎಲ್ಲರೂ ಕೂರುವಂತಿರಲಿಲ್ಲ. ದಲಿತರ ಕೇರಿ ಊರ ಹೊರಗೇ ಇತ್ತು. ತಗ್ಗಿನಲ್ಲಿದ್ದ ಕೇರಿಗೆ ನೀರು ಮೊದಲು ನುಗ್ಗುತ್ತದೆ ಅನ್ನುವುದು ಹೊಳೆ ದಂಡೆಯವರಿಗೆಲ್ಲ ಗೊತ್ತು. "ಸಮುದಾಯ" ಅಂತ ನಾವು ಕಾಲೇಜಿನಲ್ಲಿ ತುಂಬ ಮುದ್ದಾಗಿ ಮಾತಾಡುತ್ತೇವೆ, ಆದರೆ ಊರಲ್ಲಿ ಒಂದೇ ಸಮುದಾಯ ಇರುವುದಿಲ್ಲ. ಸಭೆ ಕರೆದರೆ ಮುಂದೆ ಕೂರುವವರು ಯಾರು, ಹಿಂದೆ ನಿಂತು ಸುಮ್ಮನೆ ಕೇಳುವವರು ಯಾರು, ಬರದೇ ಇರುವವರು ಯಾರು, ಇದನ್ನು ನೋಡದೆ ಜನರ ಅಭಿಪ್ರಾಯ ತಗೊಂಡೆವು ಅಂದರೆ ಅದು ನಾಲ್ಕು ಯಜಮಾನರ ಅಭಿಪ್ರಾಯ ಆಗುತ್ತದೆ. ಹೆಂಗಸರ ಮಾತು ಬೇಕಿದ್ದರೆ ಸಭೆ ಬಿಟ್ಟು ನೀರಿನ ನಲ್ಲಿ ಹತ್ತಿರ ಹೋಗಬೇಕು. ನನ್ನ ನಕ್ಷೆಯಲ್ಲಿ ದೊಡ್ಡ ಕಟ್ಟೆಗಳನ್ನು ನಾನು ಯಾವ ಓಣಿಯೊಳಗೂ ಇಟ್ಟಿಲ್ಲ. ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಬಸ್ ನಿಲ್ಲುವ ಜಾಗ, ಹೀಗೆ ಎಲ್ಲರೂ ಬರಲೇಬೇಕಾದ ಕಡೆ ಇಟ್ಟಿದ್ದೇನೆ. ಇದರಿಂದ ಜಾತಿ ಹೋಗಿಬಿಡುತ್ತದೆ ಅನ್ನುವ ಭ್ರಮೆ ನನಗಿಲ್ಲ. ಆದರೆ ನಕ್ಷೆ ಹಾಕುವವರು ಕನಿಷ್ಠ ಹಳೆ ಗೆರೆಯನ್ನು ಸಿಮೆಂಟಿನಲ್ಲಿ ಮತ್ತೆ ಎಳೆಯಬಾರದು.

ಇದೆಲ್ಲ ಹೊಸ ವಿಷಯವೂ ಅಲ್ಲ. ಇಂದೋರಿನಲ್ಲಿ ಬಡವರಿಗಾಗಿ ಮಾಡಿದ 'ಅರಣ್ಯ' ಅನ್ನುವ ಬಡಾವಣೆಯನ್ನೇ ತಗೊಳ್ಳಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಮತ್ತು ಅವರ ವಾಸ್ತುಶಿಲ್ಪ ಫೌಂಡೇಶನ್ 1980ರ ದಶಕದಲ್ಲಿ ಮಾಡಿದ್ದು. ಅದೇ ಹೊತ್ತಿಗೆ ಈ ಫೌಂಡೇಶನ್ನಿನವರು ಕೆನಡಾದ ಮೆಗಿಲ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಇಂದೋರಿನ ಕೊಳೆಗೇರಿಗಳನ್ನು ಅಳೆದಿದ್ದರು. ಮನೆ ಮುಂದಿನ ಮರ ಎಲ್ಲಿದೆ, ಕೂರುವ ದಿಬ್ಬ ಎಷ್ಟು ಅಗಲ, ಸಣ್ಣ ಅಂಗಡಿ ಎಲ್ಲಿ ಇಟ್ಟಿದ್ದಾರೆ, ಬೀದಿಯನ್ನು ಯಾವುದಕ್ಕೆಲ್ಲ ಬಳಸುತ್ತಾರೆ, ಎಲ್ಲವನ್ನೂ ಚಿತ್ರ ಬರೆದು ದಾಖಲಿಸಿದರು. ಅರಣ್ಯದಲ್ಲಿ ಬಡವರಿಗೆ ಪೂರ್ತಿ ಮನೆ ಕೊಡಲಿಲ್ಲ. ನಿವೇಶನ, ತಳಪಾಯ, ಶೌಚಾಲಯ, ನೀರು ಮತ್ತು ಕರೆಂಟಿನ ವ್ಯವಸ್ಥೆ ಕೊಟ್ಟು ಉಳಿದದ್ದನ್ನು ಅವರವರ ಶಕ್ತಿಗೆ ಬಿಟ್ಟರು. ಹೇಗೆ ಬೆಳೆಸಬಹುದು ಅಂತ ತೋರಿಸಲು 80 ಮಾದರಿ ಮನೆ ಕಟ್ಟಿದರು. ಬೀದಿಗೆ ಮುಖ ಮಾಡಿದ ಓಟ್ಲಾ, ಅಂದರೆ ನಮ್ಮ ಕಟ್ಟೆಯೇ, ಮೊದಲಿಂದಲೇ ನಕ್ಷೆಯ ಭಾಗ. 1995ರಲ್ಲಿ ಈ ಯೋಜನೆಗೆ ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿ ಬಂತು. 2018ರಲ್ಲಿ ದೋಶಿಯವರಿಗೆ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಜ್‌ಕರ್ ಬಂತು, ಭಾರತದವರಿಗೆ ಬಂದದ್ದು ಅದೇ ಮೊದಲು. ಪ್ರಶಸ್ತಿ ಬದಿಗಿಡಿ, ನನಗೆ ಮುಖ್ಯ ಅನ್ನಿಸುವುದು ಅಳೆದ ರೀತಿ. ಕೊಳೆಗೇರಿಯನ್ನು ತೆಗೆದುಹಾಕಬೇಕಾದ ಜಾಗ ಅಂತ ನೋಡದೆ, ಕಲಿಯಬೇಕಾದ ಜಾಗ ಅಂತ ನೋಡಿದರು.

ನವಿ ಮುಂಬೈಯ ಬೇಲಾಪುರದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಇನ್ನೊಂದು ದಾರಿ ಹಿಡಿದರು. ಏಳು ಮನೆಗಳಿಗೆ ಒಂದು ಪುಟ್ಟ ಅಂಗಳ. ಅಂಥ ಮೂರು ಗುಂಪಿಗೆ ಇನ್ನೊಂದು ಸ್ವಲ್ಪ ದೊಡ್ಡ ಅಂಗಳ. ಹೀಗೆ ದೊಡ್ಡದಾಗುತ್ತ ಹೋಗುತ್ತದೆ. ಪಕ್ಕದ ಮನೆಯ ಗೋಡೆ ಹಂಚಿಕೊಳ್ಳದ ಹಾಗೆ ಇಟ್ಟಿದ್ದಕ್ಕೆ ಕಾರಣ, ನಾಳೆ ಒಬ್ಬರು ಮೇಲೆ ಕೋಣೆ ಹಾಕಬೇಕೆಂದರೆ ನೆರೆಯವರ ಒಪ್ಪಿಗೆ ಕಾಯಬಾರದು. ಈಗ ಅಲ್ಲಿ ಎಷ್ಟೋ ಮನೆಗಳ ಗುರುತೇ ಸಿಗದಷ್ಟು ಬದಲಾಗಿದೆ. ಕೆಲವರು ಇದನ್ನು ಸೋಲು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬದಲಾಯಿಸಲಿ ಅಂತಲೇ ಕಟ್ಟಿದ್ದು ಅದು. ಅಂದಹಾಗೆ, ಆಲಮಟ್ಟಿ ಹಿನ್ನೀರಿಗೆ ಜಾಗ ಕಳೆದುಕೊಂಡವರಿಗಾಗಿ ಎದ್ದ ನಮ್ಮ ಬಾಗಲಕೋಟೆ ನವನಗರದ ಯೋಜನೆಯೂ ಇದೇ ಕೊರಿಯಾ ಅವರದು. ಅಲ್ಲಿ ಓಡಾಡಿದ ಎಷ್ಟು ಜನಕ್ಕೆ ಇದು ಗೊತ್ತು? ಶಾಲೆಯಲ್ಲಿ ನಮಗೆ ಅಣೆಕಟ್ಟಿನ ಪಾಠ ಇತ್ತು, ಅದಕ್ಕಾಗಿ ಊರು ಬಿಟ್ಟವರು ಎಲ್ಲಿ ಹೇಗೆ ನೆಲೆ ನಿಂತರು ಅನ್ನುವ ಪಾಠ ಇರಲಿಲ್ಲ.

ಇನ್ನೊಬ್ಬರ ಬಗ್ಗೆ ಹೇಳದೆ ಮುಂದೆ ಹೋಗಲಾರೆ, ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ. ಆಫ್ರಿಕಾದ ಬುರ್ಕಿನಾ ಫಾಸೋ ದೇಶದ ಗಾಂಡೋ ಅನ್ನುವ ಹಳ್ಳಿಯವರು. ಬರ್ಲಿನ್‌ನಲ್ಲಿ ಇನ್ನೂ ಓದುತ್ತಿರುವಾಗಲೇ ದುಡ್ಡು ಕೂಡಿಸಿ ತಮ್ಮೂರಿಗೆ ಶಾಲೆ ಕಟ್ಟಿದರು, 2001ರಲ್ಲಿ ಮುಗಿಯಿತು. ಮಣ್ಣಿನ ಇಟ್ಟಿಗೆ ಅಂದಾಗ ಊರವರು ಮೊದಲು ಒಪ್ಪಲಿಲ್ಲ, ಮಳೆಗೆ ನಿಲ್ಲಲ್ಲ ಅಂದರು. ಅವರನ್ನು ಒಪ್ಪಿಸಿ, ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ ಗಟ್ಟಿ ಮಾಡಿ, ಬಿಸಿಗಾಳಿ ಹೊರಗೆ ಹೋಗಲಿ ಅಂತ ತಗಡಿನ ಚಾವಣಿಯನ್ನು ಮೇಲಕ್ಕೆ ಎತ್ತಿಟ್ಟರು. ಮಕ್ಕಳು ಕಲ್ಲು ಹೊತ್ತು ತಂದರು, ಹೆಂಗಸರು ನೀರು ತಂದರು. 2022ರಲ್ಲಿ ಅವರಿಗೂ ಪ್ರಿಟ್ಜ್‌ಕರ್ ಬಂತು. ವಿದ್ಯಾರ್ಥಿಗಳಿಗೆ ಅನುಭವ ಸಾಲದು ಅಂತ ನಮಗೆ ಯಾರಾದರೂ ಹೇಳಿದರೆ ನನಗೆ ಗಾಂಡೋ ಶಾಲೆ ನೆನಪಾಗುತ್ತದೆ.

ಈಗ ನಮ್ಮ ಓದಿನ ವಿಷಯ. ಐದು ವರ್ಷದ ಕೋರ್ಸಿನಲ್ಲಿ ಸಾಫ್ಟ್‌ವೇರ್, ರೆಂಡರಿಂಗ್, ಮಾಡೆಲ್, ಎಲ್ಲಕ್ಕೂ ಮಾರ್ಕ್ಸ್ ಇದೆ. ಒಬ್ಬ ಗೌಂಡಿಯ ಜೊತೆ ಕೂತು ಎರೆಮಣ್ಣಿನಲ್ಲಿ ಪಾಯ ಯಾಕೆ ಬಿರುಕು ಬಿಡುತ್ತದೆ ಅಂತ ಕೇಳಿಕೊಂಡು ಬಂದರೆ ಮಾರ್ಕ್ಸ್ ಇಲ್ಲ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಸೀಳುತ್ತದೆ. ಅದನ್ನು ಅಗೆದು ತೆಗೆದು ಗರಸು ತುಂಬಿ ದಮ್ಮಸ್ಸು ಮಾಡದೆ ಗೋಡೆ ಎಬ್ಬಿಸಿದರೆ ಎರಡೇ ಮಳೆಗಾಲಕ್ಕೆ ಕೈ ತೂರುವಷ್ಟು ಬಿರುಕು ಬರಬಹುದು. ಇದು ನಮ್ಮ ಕಡೆಯ ಗೌಂಡಿಗೆ ಗೊತ್ತು. ಸೈಟ್ ವಿಸಿಟ್ ಅಂದರೆ ನಮಗೆ ಒಂದು ದಿನ, ನೂರು ಫೋಟೋ, ವಾಪಸ್ ಬಸ್. ಊರಲ್ಲಿ ಒಂದಿಷ್ಟು ದಿನ ಇದ್ದು, ಬೆಳಿಗ್ಗೆ ಐದಕ್ಕೂ ರಾತ್ರಿ ಒಂಬತ್ತಕ್ಕೂ ಯಾರು ಎಲ್ಲಿದ್ದಾರೆ ಅಂತ ಬರೆದುಕೊಳ್ಳುವುದನ್ನು ಒಂದು ವಿಷಯವಾಗಿಯೇ ಕಲಿಸಬೇಕು, ಅದಕ್ಕೆ ಅಂಕ ಕೊಡಬೇಕು. ಒಳ್ಳೆ ಮನಸ್ಸಿದ್ದರೆ ಸಾಕು, ತಾನಾಗಿ ಬರುತ್ತದೆ ಅಂದುಕೊಳ್ಳುವುದು ಬೇಡ. ಕಟ್ಟಡ ಹೇಗೆ ಭಾರ ಹೊತ್ತು ನಿಲ್ಲುತ್ತದೆ ಅನ್ನುವ ಸ್ಟ್ರಕ್ಚರ್ಸ್ ವಿಷಯವನ್ನು ಹೇಗೆ ಕಲಿಯಬೇಕೋ ಇದನ್ನೂ ಹಾಗೇ ಕಲಿಯಬೇಕು.

"ಪ್ರವಾಹ ಬಂದಾಗ ಇಷ್ಟೆಲ್ಲ ಕೇಳುತ್ತ ಕೂರಲು ಟೈಮ್ ಎಲ್ಲಿದೆ?" ಇದು ಯಾವಾಗಲೂ ಬರುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ, ಮಳೆಯಲ್ಲಿ ಶೆಡ್ಡಿನಲ್ಲಿರುವವರಿಗೆ ಬೇಗ ಮನೆ ಬೇಕು. ಆದರೆ 2001ರ ಭೂಕಂಪದ ನಂತರ ಗುಜರಾತಿನಲ್ಲಿ ಹೆಚ್ಚಿನ ಕುಟುಂಬಗಳು ತಮ್ಮ ಮನೆ ತಾವೇ ಕಟ್ಟಿಕೊಂಡವು. ಸರ್ಕಾರ ಕಂತಿನಲ್ಲಿ ದುಡ್ಡು ಕೊಟ್ಟಿತು, ಭೂಕಂಪ ತಡೆಯುವ ಹಾಗೆ ಕಟ್ಟಿದ್ದಾರಾ ಅಂತ ಎಂಜಿನಿಯರುಗಳು ನೋಡಿದರು, ಗೌಂಡಿಗಳಿಗೆ ತರಬೇತಿ ಕೊಟ್ಟರು. ಭುಜ್‌ನ ಹುನ್ನರಶಾಲಾ ಥರದ ಸಂಸ್ಥೆ ಹುಟ್ಟಿದ್ದೂ ಆ ಕೆಲಸದಿಂದಲೇ. ನಮ್ಮಲ್ಲೂ 2019ರಲ್ಲಿ ಪೂರ್ತಿ ಬಿದ್ದ ಮನೆಗಳಿಗೆ 5 ಲಕ್ಷ ರೂಪಾಯಿ ಪರಿಹಾರ ಘೋಷಣೆ ಆಯಿತು. ದುಡ್ಡಿನ ಜೊತೆಗೆ ಊರಿಗೊಬ್ಬ ತಿಳಿದ ಆರ್ಕಿಟೆಕ್ಟ್, ಒಂದಿಷ್ಟು ಗೌಂಡಿಗಳಿಗೆ ತರಬೇತಿ, ಕಟ್ಟುವ ಮೊದಲು ನೆಲದ ಮೇಲೆ ಸುಣ್ಣದಲ್ಲಿ ಮನೆ ಬರೆದು "ಅಮ್ಮಾ, ಒಲೆ ಎಲ್ಲಿ ಬರಲಿ, ಎಮ್ಮೆ ಎಲ್ಲಿ ಬರಲಿ" ಅಂತ ಕೇಳುವ ಒಂದು ಬೆಳಿಗ್ಗೆ, ಇಷ್ಟು ಸೇರಿಸಲು ಎಷ್ಟು ತಡವಾದೀತು? ಹತ್ತು ವರ್ಷ ಖಾಲಿ ಬೀಳುವ ಮನೆಗಿಂತ ಜಾಸ್ತಿ ತಡವಾಗುವುದಿಲ್ಲ, ಅಲ್ವಾ?

ಈಗ ನಿಮ್ಮಿಂದ ಒಂದು ಸಹಾಯ. ನೀವು ಅಥವಾ ನಿಮ್ಮವರು ಆಸರೆ ಮನೆಯಲ್ಲೋ, ಕೃಷ್ಣಾ ಮುಳುಗಡೆಯ ಪುನರ್ವಸತಿ ಕೇಂದ್ರದಲ್ಲೋ ಇದ್ದರೆ, ಕೊಟ್ಟ ಮನೆಗೆ ನೀವಾಗಿ ಏನು ಸೇರಿಸಿದಿರಿ, ಏನು ಒಡೆದಿರಿ, ಯಾವ ಕೋಣೆಯನ್ನು ಬೇರೆ ಯಾವುದಕ್ಕೆ ಬಳಸುತ್ತಿದ್ದೀರಿ ಅಂತ ನನಗೆ ಬರೆದು ತಿಳಿಸಿ. ಕೈಯಲ್ಲಿ ಗೀಚಿದ ಚಿತ್ರ ಆದರೂ ನಡೆಯುತ್ತದೆ. ಅಳತೆಯನ್ನು ಮೊಳದಲ್ಲಿ ಹೇಳಿದರೂ ಸರಿ, ಅಡಿಗೆ ನಾನು ತಿರುಗಿಸಿಕೊಳ್ಳುತ್ತೇನೆ.