ದ್ವೀಪ ಪೋರ್ಚುಗೀಸರದ್ದು, ಬೀಗ ಇಂಗ್ಲಿಷರದ್ದು

ಈ ಜನವರಿಯಲ್ಲಿ ಕಾರವಾರದ ಹತ್ತಿರದ ಕೂರ್ಮಗಡ ದ್ವೀಪದ ನರಸಿಂಹನ ಜಾತ್ರೆಗೆ ಹೋಗಿದ್ದೆ. ಬೋಟಿನಲ್ಲಿ ಕಾಲಿಡಲು ಜಾಗವಿಲ್ಲ. ನನ್ನ ತೊಡೆಯ ಮೇಲೆ ಯಾರದ್ದೋ ಹರಕೆಯ ಬಾಳೆಗೊನೆ, ಅದಕ್ಕೆ ಒರಗಿ ನಿದ್ದೆ ಹೋದ ಯಾರದ್ದೋ ಮಗು. ವಾಪಸ್ ಬರುವಾಗ ತಾಂಡೇಲ ದಕ್ಷಿಣಕ್ಕೆ ಕೈ ತೋರಿಸಿದ: "ಅಲ್ಲಿ ಮಸುಕಾಗಿ ಕಾಣ್ತದಲ್ಲ, ಅಂಜುದೀವ್. ಅಲ್ಲಿನ ಇಗರ್ಜಿ ಹಬ್ಬಕ್ಕೂ ಹಿಂಗೇ ದೋಣಿ ತುಂಬ್ಕೊಂಡು ಹೋಗ್ತಿದ್ರು. ಈಗ ಹತ್ರ ಹೋದ್ರೂ ನೇವಿಯವ್ರು ಓಡಿಸ್ತಾರೆ."

ಅಂಜುದೀವ್ ಕಾರವಾರದ ಮಗ್ಗುಲಲ್ಲೇ ಇದ್ದರೂ ಲೆಕ್ಕದಲ್ಲಿ ಗೋವಾದ್ದು. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ಇಂಗ್ಲಿಷರಿಗೆ ಈ ನೆಲ ಒಗ್ಗಲೇ ಇಲ್ಲ. 1660ರ ದಶಕದಲ್ಲಿ ಮುಂಬೈ ವಹಿಸಿಕೊಳ್ಳಲು ಬಂದ ಅವರ ಪಡೆಯನ್ನು ಪೋರ್ಚುಗೀಸ್ ಅಧಿಕಾರಿಗಳು ಸತಾಯಿಸಿದಾಗ ಅದು ಬೀಡುಬಿಟ್ಟದ್ದು ಇಲ್ಲೇ. ಕಾಯಿಲೆ ಬಿದ್ದು ಬಹುಪಾಲು ಜನ ಸತ್ತರು. ಅವರ ಮುಖಂಡ ಸರ್ ಅಬ್ರಹಾಂ ಶಿಪ್‌ಮನ್ ಕೂಡ 1664ರಲ್ಲಿ ಇಲ್ಲೇ ತೀರಿಕೊಂಡ. ಉಳಿದವರು ಮುಂಬೈಗೆ ಹೋದರು.

1961ರ ಡಿಸೆಂಬರಿನಲ್ಲಿ ದ್ವೀಪವನ್ನು ಪೋರ್ಚುಗೀಸರಿಂದ ಬಿಡಿಸಿಕೊಳ್ಳುವಾಗ ನಮ್ಮ 7 ನಾವಿಕರು ಪ್ರಾಣ ಕೊಟ್ಟರು. ಆಗ ಬ್ರಿಟಿಷರು ದೇಶ ಬಿಟ್ಟು 14 ವರ್ಷ. ತಮಾಷೆ ನೋಡಿ, ಅವರಿಗೆ ದಕ್ಕದ ದ್ವೀಪಕ್ಕೆ ಆಮೇಲೆ ಬಂದು ಕೂತದ್ದು ಅವರದೇ ಕಾಯ್ದೆ, 1923ರ ಅಧಿಕೃತ ರಹಸ್ಯಗಳ ಕಾಯ್ದೆ.

ಅದರ 3ನೇ ಕಲಮನ್ನು ಒಮ್ಮೆ ಓದಿ. ದೇಶಕ್ಕೆ ಕೇಡಾಗುವ ಉದ್ದೇಶದಿಂದ 'ನಿಷೇಧಿತ ಸ್ಥಳ'ದೊಳಗೆ ಹೋಗುವುದಷ್ಟೇ ಅಲ್ಲ, ಸುತ್ತಮುತ್ತ ಸುಳಿದಾಡುವುದೂ ಅಪರಾಧ. ನೌಕಾನೆಲೆಯ ವಿಷಯವಾದರೆ 14 ವರ್ಷದವರೆಗೆ ಜೈಲು. ಕೇಡಿನ ಉದ್ದೇಶ ಇತ್ತೆಂದು ತೋರಿಸಲು ನಿರ್ದಿಷ್ಟ ಕೃತ್ಯವೇ ಬೇಕಿಲ್ಲ, ಆಸಾಮಿಯ ನಡತೆ, ಸಂದರ್ಭ ನೋಡಿ ತೀರ್ಮಾನಿಸಬಹುದು. ಪ್ರಜೆಗಳನ್ನೇ ಅನುಮಾನಿಸುತ್ತ ರಾತ್ರಿ ನಿದ್ದೆಗೆಟ್ಟವರು ಬರೆದ ಕಾನೂನು ಇದು. ಭಾರತೀಯ ದಂಡ ಸಂಹಿತೆಗೆ ವಸಾಹತುಶಾಹಿಯ ಹಣೆಪಟ್ಟಿ ಹಚ್ಚಿ 2024ರ ಜುಲೈನಲ್ಲಿ ಬೀಳ್ಕೊಟ್ಟೆವು, ಇದನ್ನು ಯಾರೂ ಮುಟ್ಟಲಿಲ್ಲ. ನಮ್ಮ ಕರಾವಳಿಯವರೇ ಆದ ವೀರಪ್ಪ ಮೊಯ್ಲಿ ಅಧ್ಯಕ್ಷರಾಗಿದ್ದ ಎರಡನೇ ಆಡಳಿತ ಸುಧಾರಣಾ ಆಯೋಗ 2006ರಲ್ಲೇ ಇದನ್ನು ರದ್ದು ಮಾಡಿ ಅಂದಿತ್ತು. ವರದಿ ಕಪಾಟು ಸೇರಿತು.

ದೇಶದ್ರೋಹಿ ಅನ್ನುವ ಮೊದಲು ಇದನ್ನೂ ಓದಿ. ಈ ದ್ವೀಪವೂ ಸೇರಿದ ಕಾರವಾರದ ನೌಕಾನೆಲೆ ಯೋಜನೆ ಸೀಬರ್ಡ್ ಬೇಡ ಅನ್ನುತ್ತಿಲ್ಲ. ಆ ನೆಲೆಗಾಗಿ, ಅಂದರೆ ಐಎನ್‌ಎಸ್ ಕದಂಬಕ್ಕಾಗಿ, ನಮ್ಮ ಕಡೆಯವರು ಮನೆ, ಗದ್ದೆ, ಕಡಲದಂಡೆ ಎಲ್ಲ ಬಿಟ್ಟುಕೊಟ್ಟಿದ್ದಾರೆ. ಯುದ್ಧನೌಕೆ ನಿಲ್ಲುವ ಜಾಗಕ್ಕೆ ಕಾವಲು ಇರಲೇಬೇಕು. ನನ್ನ ತಕರಾರು ಇಷ್ಟೇ: ಆ ಕಾಯ್ದೆಯಲ್ಲಿ ಓಡಿಸಲು ಕಲಮು ಇದೆ, ಭಕ್ತನೊಬ್ಬ ಅರ್ಜಿ ಹಾಕಿ ಹೋಗಿಬರಲು ದಾರಿ ಇಲ್ಲ. ನೌಕಾನೆಲೆಯ ಸಾಹೇಬರ ಮರ್ಜಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಈ ದ್ವೀಪದವಳು, ಪೋರ್ಚುಗೀಸರ ಕಾಟಕ್ಕೆ ಇತ್ತ ಬಂದಳು ಅನ್ನುತ್ತಾರೆ. ಆಮೇಲೆ ಅಲ್ಲಿ ನೆಲೆಯಾದ ಬ್ರೊಟಾಸ್ ಮಾತೆಯ, ಅಂದರೆ ಮೇರಿಯಮ್ಮನ, ಹಬ್ಬ ಫೆಬ್ರವರಿ 2ಕ್ಕೆ, ಸಂತ ಫ್ರಾನ್ಸಿಸರದ್ದು ಅಕ್ಟೋಬರ್ 4ಕ್ಕೆ. ವರ್ಷಕ್ಕೆ ಎರಡೇ ದಿನ. ಭಕ್ತರು ತಿಂಗಳು ಮೊದಲೇ ಹೆಸರು, ಆಧಾರ್ ಕೊಡಲಿ. ಮೊಬೈಲು ಗೇಟಿನಲ್ಲೇ ಕಸಿದುಕೊಳ್ಳಲಿ. ಬೋಟೂ ನೇವಿಯದ್ದೇ ಇರಲಿ. ಅಷ್ಟನ್ನು ಒಂದು ಹಾಳೆಯಲ್ಲಿ ನಿಯಮವಾಗಿ ಬರೆದು, ಸಹಿ ಹಾಕಿ, ಗೇಟಿಗೆ ಅಂಟಿಸಿದರೆ ಸಾಕು.