ಹೊಗೆ ಎಲ್ಲಿದೆ ಅಂತ ಮೇಲಿನಿಂದ ನೋಡಿದರೆ ಸಾಕಾ?

2023ರ ಜೂನ್ 7. ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೇ ಲೈಟ್ ಹಾಕಿದೆವು. ಆಕಾಶವೆಲ್ಲ ಕಿತ್ತಳೆ ಬಣ್ಣ. ಸೌದೆ ಒಲೆಯ ವಾಸನೆ. ನಿದ್ದೆ ಬಾರದೆ ಹಾಸನದಿಂದ ಫೋನ್ ಮಾಡಿದ್ದ ಅಮ್ಮ, "ಪಕ್ಕದಲ್ಲೇ ಎಲ್ಲೋ ಬೆಂಕಿ ಬಿದ್ದಿದೆ, ಮಕ್ಕಳನ್ನ ಕರ್ಕೊಂಡು ಹೊರಡು" ಅಂದರು. ಬೆಂಕಿ ಇದ್ದದ್ದು ಕೆನಡಾದ ಕ್ವಿಬೆಕ್ ಕಾಡುಗಳಲ್ಲಿ, ನೂರಾರು ಕಿಲೋಮೀಟರ್ ದೂರ.

ಅವತ್ತು ರಾತ್ರಿ ಗೋಸ್-16 ಅನ್ನುವ ಅಮೆರಿಕದ ಹವಾಮಾನ ಉಪಗ್ರಹದ ಚಿತ್ರಗಳನ್ನು ಓಡಿಸಿ ನೋಡಿದೆ. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಅದು ಅಮೆರಿಕದ ಮೇಲೆ ಐದೈದು ನಿಮಿಷಕ್ಕೊಂದು ಚಿತ್ರ ತೆಗೆಯುತ್ತಿತ್ತು. ಪೂರ್ವ ಕರಾವಳಿಯ ಆಚೆ ಕಡಲ ಮೇಲೆ ಒಂದು ವಾಯುಭಾರ ಕುಸಿತ ಅಪ್ರದಕ್ಷಿಣವಾಗಿ ತಿರುಗುತ್ತಿತ್ತು. ಅದರ ಪಶ್ಚಿಮದ ಅಂಚು ಹೊಗೆಯನ್ನು ಎಳೆದು ಎಳೆದು ದಕ್ಷಿಣಕ್ಕೆ, ನಮ್ಮ ಕಡೆಗೆ ತರುತ್ತಿತ್ತು. ಬೆಳಿಗ್ಗೆ, ಸಂಜೆಯ ಚಿತ್ರಗಳಲ್ಲಿ ಹೊಗೆ ಜಾಸ್ತಿ ಸ್ಪಷ್ಟ. ಬೆಳಕಿಂಡಿಯಿಂದ ಓರೆಯಾಗಿ ಬೀಳುವ ಬಿಸಿಲಿಗೆ ಎದುರಾಗಿ ನೋಡಿದರೆ ಧೂಳು ಕಾಣುತ್ತಲ್ವಾ, ಹಾಗೆ. ಬೆಂಕಿಯಿಂದ ಹೊರಡುವ, ಕಣ್ಣಿಗೆ ಕಾಣದ ಅತಿಗೆಂಪು ಕಿರಣ ಹೊಗೆಯನ್ನು ದಾಟಿ ಬರುವುದರಿಂದ, ಹೊಗೆಯ ಅಡಿಯಲ್ಲಿ ಬೆಂಕಿ ಎಲ್ಲೆಲ್ಲಿದೆ ಅನ್ನುವುದೂ ಗೊತ್ತಾಗುತ್ತದೆ. ಅಮೆರಿಕದ ಹವಾಮಾನ, ಸಾಗರಗಳನ್ನು ನೋಡಿಕೊಳ್ಳುವ ನೋವಾ ಸಂಸ್ಥೆಯ ತಜ್ಞರು ದಿನಾ ಈ ಚಿತ್ರಗಳನ್ನು ಕಣ್ಣಾರೆ ನೋಡಿ, ತೆಳು, ಮಧ್ಯಮ, ದಟ್ಟ ಅಂತ ಹೊಗೆ ಹರಡಿದ ಜಾಗದ ಸುತ್ತ ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ. ಇದೆಲ್ಲ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಇದು ಎಷ್ಟು ದೊಡ್ಡ ವಿಷಯ!

ಆ ವರ್ಷ ಕೆನಡಾದಲ್ಲಿ ಸುಟ್ಟದ್ದು ಸುಮಾರು ಒಂದೂವರೆ ಕೋಟಿ ಹೆಕ್ಟೇರ್. ನಮ್ಮ ಇಡೀ ಕರ್ನಾಟಕವೇ 1.9 ಕೋಟಿ ಹೆಕ್ಟೇರ್.

ಆದರೆ ನನಗೆ ಒಂದು ಭಯ ಇದೆ. ಉಪಗ್ರಹ ಮೇಲಿನಿಂದ ಕೆಳಗಿನವರೆಗೆ ಇರುವ ಹೊಗೆಯನ್ನೆಲ್ಲ ಒಟ್ಟಿಗೆ ನೋಡುತ್ತದೆ. ಹೊಗೆ ನಾಲ್ಕೈದು ಕಿಲೋಮೀಟರ್ ಮೇಲಿದ್ದರೆ ಸೂರ್ಯ ಕೆಂಪಾಗಿ ಕಾಣುತ್ತಾನೆ ಅಷ್ಟೆ. ಅದೇ ಹೊಗೆ ನೆಲಕ್ಕಿಳಿದರೆ ಉಸಿರು ಕಟ್ಟುತ್ತದೆ. ಚಿತ್ರದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ. ಇನ್ನು ಮೋಡ ಕವಿದರೆ ಅದರ ಕೆಳಗಿನ ಹೊಗೆ ಕಾಣುವುದೇ ಇಲ್ಲ. ಒಂದು ದಿನ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೋ ಚಿತ್ರ ಹಾಕಿ, "ಇವತ್ತು ಹೊಗೆ ಇಲ್ಲ, ಮಕ್ಕಳನ್ನ ಆಟಕ್ಕೆ ಬಿಡಿ" ಅಂದರು. ನಾಲ್ಕು ಮನೆಯವರು ಬಿಟ್ಟೇಬಿಟ್ಟರು. ಚಿತ್ರದಲ್ಲಿ ಇದ್ದದ್ದು ಬರೀ ಮೋಡ. ಗಾಳಿ ಎಷ್ಟು ಕೆಟ್ಟಿದೆ ಅಂತ ಅಳೆಯುವ ಹತ್ತಿರದ ಮಾಪಕದಲ್ಲಿ ಪಿಎಂ 2.5, ಅಂದರೆ ಶ್ವಾಸಕೋಶದ ಆಳಕ್ಕಿಳಿಯುವ ಅತಿ ಸಣ್ಣ ಕಣಗಳ ಪ್ರಮಾಣ, ಏರುತ್ತಲೇ ಇತ್ತು. ಅದನ್ನು ನೋಡಿ ನಾನೇ ಓಡಿಹೋಗಿ ಮಕ್ಕಳನ್ನು ಒಳಗೆ ಕರೆದೆ.

ಇಲ್ಲಿ ಪಕ್ಕದಲ್ಲೇ ಮಾಪಕ ಇತ್ತು, ಗೊತ್ತಾಯಿತು. ಊರಲ್ಲಿ? 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದಾಗಲೂ ಮೇಲೆ ಉಪಗ್ರಹಗಳಿದ್ದವು. ಬೆಂಕಿ ಕಂಡರೆ ಭಾರತೀಯ ಅರಣ್ಯ ಸಮೀಕ್ಷೆ ಎಸ್‌ಎಂಎಸ್ ಕಳಿಸುತ್ತದೆ. ಒಳ್ಳೆಯ ವ್ಯವಸ್ಥೆ ಅದು. ಆದರೆ ಅದು ಬೆಂಕಿಯ ಸುದ್ದಿ. ಕಾಡಂಚಿನ ಹಳ್ಳಿಯ ಮಗು ಅವತ್ತು ಎಂಥ ಗಾಳಿ ಕುಡಿಯಿತು ಅಂತ ಅಳೆಯುವವರು ಯಾರು? ಎಷ್ಟೋ ತಾಲ್ಲೂಕುಗಳಲ್ಲಿ ಒಂದು ಮಾಪಕವೂ ಇಲ್ಲ. ಮೊದಲು ಕಾಡಂಚಿನ ಶಾಲೆಗಳಿಗೆ ಒಂದೊಂದು ಕೊಡಿ. ಬೇಸಿಗೆ ಬರುವುದರೊಳಗೆ ಕೊಡಿ.